ಒಂದೇ ಸೀಸೆ, ಎರಡು ವಾಸನೆ

ನಾನು ನಿಂತಿದ್ದದ್ದು ಮೇಜಿನ ತಲೆಯ ಕಡೆ, ಗೋಡೆಗೆ ಬೆನ್ನು ಕೊಟ್ಟು. ಎಡಗೈ ಮೇಜಿನ ಮೇಲೆ ಮಲಗಿದ್ದ ಹೆಂಗಸಿನ ಗದ್ದದ ಕೆಳಗಿತ್ತು, ಬಲಗೈಯಲ್ಲಿ ಕ್ಲೋರೋಫಾರಂ ಸೀಸೆ ಇತ್ತು. ಊರು ತಿರುಮಕೂಡಲು ನರಸೀಪುರ. ಆಷಾಢ ಮಾಸ, ಕಾವೇರಿ, ಕಪಿಲೆ ಎರಡೂ ತುಂಬಿ ಹರಿದು ದೋಣಿ ನಿಲ್ಲಿಸಿದ್ದ ವಾರ, ಬೆಳಗಿನ ಹೊತ್ತು ಏರಿ ಮಧ್ಯಾಹ್ನಕ್ಕೆ ಇನ್ನೂ ಸಮಯವಿತ್ತು. ಮೈಸೂರು ಸೀಮೆಗೆ ಮೊದಲ ಸಲ ಪ್ಲೇಗು ಬಂದುಹೋಗಿ ಕೆಲವು ವರ್ಷಗಳಾಗಿದ್ದವು. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಸಂಗತಿಯನ್ನು ಆಮೇಲೆ ಹಲವರು ಹಲವು ಬಗೆಯಾಗಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಡಾಕ್ಟರು ಒಬ್ಬ ಬಸುರಿಯನ್ನು ನಡುಬೀದಿಯಲ್ಲಿ ಕೊಯ್ದರು ಎಂದವರಿದ್ದಾರೆ. ಕೊಯ್ಯಲಿಲ್ಲ. ಅದು ಬೀದಿಯೂ ಅಲ್ಲ. ನಾನು ನಿಂತಲ್ಲಿಂದ ಕಂಡಷ್ಟನ್ನು ಬರೆಯುತ್ತೇನೆ.

ನಮ್ಮದು ಸರ್ಕಾರದ ಆಸ್ಪತ್ರೆಯಲ್ಲ. ಸಾಹುಕಾರರೊಬ್ಬರು ತಮ್ಮ ತಾಯಿಯ ನೆನಪಿಗೆಂದು ನಡೆಸುತ್ತಿದ್ದ ಸಣ್ಣ ಧರ್ಮಾಸ್ಪತ್ರೆ. ಅವರ ಹಳೆಯ ಧಾನ್ಯದ ಮಳಿಗೆಗೇ ಸುಣ್ಣ ಹೊಡೆಸಿ ಕೊಟ್ಟಿದ್ದರು. ಮುಂದೆ ಮೂಟೆ ತೂಗುತ್ತಿದ್ದ ಅಗಲವಾದ ಜಗಲಿ, ಅದರ ಹಿಂದೆ ಔಷಧಿ ಕೊಡುವ ಕೋಣೆ, ಎಲ್ಲಕ್ಕಿಂತ ಒಳಗೆ, ಮೊದಲು ರಾಗಿ ತುಂಬುತ್ತಿದ್ದ ಉಗ್ರಾಣ. ಆ ಉಗ್ರಾಣವೇ ನಮ್ಮ ಆಪರೇಷನ್ ಕೋಣೆ. ಅದರ ನೆಲಕ್ಕೆ ಕಲ್ಲು ಹಾಸಿತ್ತು, ತೊಳೆಯುವುದಕ್ಕೆ ಬರುತ್ತಿತ್ತು. ಅದೊಂದೇ ಅದರ ಗುಣ. ಗೋಡೆಗಳು ಮೊಳ ದಪ್ಪ. ಹೆಗ್ಗಣ ನುಗ್ಗದಿರಲೆಂದು ಕಿಟಕಿಯನ್ನು ಗೇಣಗಲ ಮಾಡಿ ಸೂರಿನ ಹತ್ತಿರ ಇಟ್ಟಿದ್ದರು. ಬೆಳಕಿಗೆಂದು ನಾವು ಮಾಡಿನಲ್ಲಿ ಗಾಜಿನ ಹೆಂಚುಗಳನ್ನು ಕೂರಿಸಿಕೊಂಡಿದ್ದೆವು. ಗಾಳಿಯ ವಿಚಾರವನ್ನು ನಾವು ಯಾರೂ ಯೋಚಿಸಿರಲಿಲ್ಲ.

ಕೆಲಸದವರು ಮೂರು ಮಂದಿ. ಮದರಾಸಿನಲ್ಲಿ ಓದಿ ಬಂದಿದ್ದ ಡಾಕ್ಟರು, ಮೈಸೂರಿನಲ್ಲಿ ತರಬೇತಿಯಾಗಿದ್ದ ಸೂಲಗಿತ್ತಿ, ಕಾಂಪೌಂಡರ್ ಆಗಿದ್ದ ನಾನು. ಇಂಥ ಚಿಕ್ಕ ಆಸ್ಪತ್ರೆಗಳಲ್ಲಿ ರೋಗಿಗೆ ಪ್ರಜ್ಞೆ ತಪ್ಪಿಸಲು ಕ್ಲೋರೋಫಾರಂ ಕೊಡುವ ಕೆಲಸ ಕಾಂಪೌಂಡರನದೇ. ತಂತಿಯ ಚೌಕಟ್ಟಿಗೆ ಫ್ಲಾನೆಲ್ ಬಟ್ಟೆ ಹೊಲಿದ ಮುಸುಕನ್ನು ಮೂಗು ಬಾಯಿಯ ಮೇಲಿಟ್ಟು ಹನಿ ಹನಿಯಾಗಿ ಬಿಡಬೇಕು. ಕಣ್ಣು ಉಸಿರಿನ ಮೇಲಿರಬೇಕು, ಬೆರಳು ಕಪೋಲದ ನಾಡಿಯ ಮೇಲಿರಬೇಕು. ಗದ್ದವನ್ನು ಮುಂದಕ್ಕೆ ಎತ್ತಿಯೇ ಇರಬೇಕು, ಇಲ್ಲದಿದ್ದರೆ ನಾಲಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಡಾಕ್ಟರು ನನಗೆ ಇದನ್ನು ಕೈಹಿಡಿದು ಕಲಿಸಿದ್ದರು.

ಔಷಧಿಗಳು ಮೈಸೂರಿನಿಂದ ರೈಲಿನಲ್ಲಿ ನಂಜನಗೂಡಿಗೆ ಬರುತ್ತಿದ್ದವು. ಅಲ್ಲಿಂದ ನರಸೀಪುರಕ್ಕೆ ಎತ್ತಿನ ಗಾಡಿ. ಕ್ಲೋರೋಫಾರಂ ಬಿಸಿಲಿಗೂ ಸೆಖೆಗೂ ಕೆಡುವ ವಸ್ತು, ಕೆಟ್ಟರೆ ವಿಷವಾಗುತ್ತದೆ. ಆದ್ದರಿಂದ ಪೆಟ್ಟಿಗೆ ಬಂತೆಂದು ತಿಳಿದ ಕೂಡಲೇ ನಾನೇ ಗಾಡಿ ಕಟ್ಟಿಸಿಕೊಂಡು ಹೋಗಿ, ಒದ್ದೆ ಗೋಣಿ ಹೊದಿಸಿ, ತಂಪು ಹೊತ್ತಿನಲ್ಲಿ ತರುತ್ತಿದ್ದೆ. ಆ ಸಲ ದಾರಿಯ ಹಳ್ಳ ಉಕ್ಕಿ ಗಾಡಿ ಹೊರಡುವುದು ತಡವಾಯಿತು. ನಾನು ನಂಜನಗೂಡು ಸ್ಟೇಷನ್ನಿಗೆ ಮುಟ್ಟುವಾಗ ಪೆಟ್ಟಿಗೆ ಗೂಡ್ಸ್ ಕಟ್ಟೆಯ ಮೇಲೆ ಬಯಲಿನಲ್ಲಿತ್ತು. ಮಳೆ ಬಿಸಿಲು ಎರಡನ್ನೂ ಉಂಡಿತ್ತು. ಒಳಗಿನ ಹುಲ್ಲು ಮುಟ್ಟಿದರೆ ಬೆಚ್ಚಗಿತ್ತು. ಎರಡು ಸೀಸೆ, ಎರಡಕ್ಕೂ ಅರಗಿನ ಮುದ್ರೆ ಸರಿಯಾಗಿತ್ತು. ಬಂದು ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

"ನೋಡೋಣ. ಬೇರೆ ಬರೋವರೆಗೆ ಇದೇ ಗತಿ. ಮೊದಲ ಸಲ ಬಿಚ್ಚುವಾಗ ನನಗೆ ಹೇಳಿ" ಎಂದರು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಹೆರಿಗೆಗೆ ಆಸ್ಪತ್ರೆಗೆ ಬರುವುದೆಂದರೆ ಆಗಿನ ಜನಕ್ಕೆ ಭಯ. ಬಂದವರು ಮೊದಲು ಕೇಳುತ್ತಿದ್ದದ್ದು ಅಗ್ಗಿಷ್ಟಿಕೆ ಇಡಲು ಬಿಡುತ್ತೀರಾ ಎಂದು. ಮನೆಯಲ್ಲಿ ಹೆರುವ ಕೋಣೆಯನ್ನು ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬೆಚ್ಚಗಿಡುವುದು ಎಲ್ಲ ಮನೆಗಳ ವಾಡಿಕೆ. ಬೇಡವೆಂದರೆ ಅವರು ಗಾಡಿಯಿಂದಲೇ ಇಳಿಯುತ್ತಿರಲಿಲ್ಲ. ಡಾಕ್ಟರು ಒಪ್ಪಿಕೊಂಡರು. ಆಮೇಲೆ ಹೆಂಗಸರು ಬರತೊಡಗಿದರು. ಅಗ್ಗಿಷ್ಟಿಕೆ ಇಟ್ಟ ಕೋಣೆಯಲ್ಲಿ ಎಷ್ಟೋ ಹೆರಿಗೆಗಳು ಸುಖವಾಗಿ ಆಗಿದ್ದವು. ಆದರೆ ಆವರೆಗೆ ಯಾವ ಹೆರಿಗೆಗೂ ನಾವು ಕ್ಲೋರೋಫಾರಂ ಕೊಟ್ಟಿರಲಿಲ್ಲ.

ಆ ಹೆಂಗಸನ್ನು ಕೊಟ್ಟಿದ್ದದ್ದು ಬಿಳಿಗೆರೆ ಕಡೆಯ ಒಂದು ಹಳ್ಳಿಗೆ. ತವರು ಮುಡುಕುತೊರೆ. ಹೆರಿಗೆಗೆಂದು ತಾಯಿ ಮತ್ತು ಅಣ್ಣ ಗಾಡಿಯಲ್ಲಿ ಕರೆದುಕೊಂಡು ಹೊರಟಿದ್ದರು. ನರಸೀಪುರಕ್ಕೆ ಬಂದರೆ ಹೊಳೆ ತುಂಬಿದೆ, ದೋಣಿ ಇಲ್ಲ. ಕಾಯುತ್ತಿರುವಾಗ ಗಾಡಿಯಲ್ಲೇ ನೋವು ಬಂತು. ಒಂದು ಇರುಳು ಯಾರದೋ ಮನೆಯ ಹಜಾರದಲ್ಲಿ ನೋವು ತಿಂದು, ಬೆಳಗ್ಗೆ ಮಗುವಿನ ಕೈ ಮಾತ್ರ ಹೊರಗೆ ಬಂದಾಗ ನಮ್ಮಲ್ಲಿಗೆ ಎತ್ತಿಕೊಂಡು ಬಂದರು.

ಡಾಕ್ಟರು ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎದ್ದು ಜಗಲಿಗೆ ಬಂದು ಅಣ್ಣನನ್ನು ಕರೆದರು.

"ಮಗು ಹೋಗಿದೆಯಪ್ಪ. ಅಡ್ಡ ಕೂತಿದೆ. ನಿನ್ನ ತಂಗಿ ಉಳೀಬೇಕಾದ್ರೆ ನಾನು ಕೈ ಹಾಕಿ ಮಗುವನ್ನ ತಿರುಗಿಸಿ ಕಾಲು ಹಿಡಿದು ತೆಗೀಬೇಕು. ಅದು ತಡವಾದ್ರೆ ಗರ್ಭಚೀಲ ಒಡೆದುಹೋಗುತ್ತೆ. ಒಡೆದ್ರೆ ನಾನಲ್ಲ, ಯಾರೂ ಏನೂ ಮಾಡೋಕಾಗಲ್ಲ."

"ತಗೀರಿ ಬುದ್ದಿ. ಅವ್ಳು ಬದುಕ್ಕೊಂಡ್ರೆ ಸಾಕು."

ಅವನು ಒಳಗೆ ಹಿಂಬಾಲಿಸಿ ಬರುತ್ತಿದ್ದಾಗ ಸೂಲಗಿತ್ತಿ ಬಾಗಿಲಲ್ಲಿ ತಡೆದಳು. "ನೀನು ಹೊರಗಿದ್ದು ಎತ್ತು ನೋಡ್ಕೊಳಪ್ಪ."

"ಎತ್ತು ಸುಮ್ಕವೆ ಕನವ್ವ. ನನ್ನೇ ಯಾರಾರ ನೋಡ್ಕಬೇಕು" ಎಂದು ಅವನು ಅಲ್ಲೇ ಹೊಸ್ತಿಲ ಹೊರಗೆ ಕುಕ್ಕರಿಸಿದ.

ತಾಯಿ ಅಷ್ಟರಲ್ಲಿ ಅಗ್ಗಿಷ್ಟಿಕೆಯನ್ನು ಮೇಜಿನ ಕಾಲ ಹತ್ತಿರ ತಂದಿಟ್ಟು ಕೆಂಡ ಊದುತ್ತಿದ್ದಳು. ಕಿಟಕಿಗೆ ಗೋಣಿ ತುರುಕಿ ಆಗಿತ್ತು. ಬಾಗಿಲು ಹಾಕಿದೆವು. ಡಾಕ್ಟರು ಮೊಣಕೈವರೆಗೆ ಕಾರ್ಬಾಲಿಕ್ ಸೋಪಿನಿಂದ ತೊಳೆದು, ಲೋಷನ್ನಿನಲ್ಲಿ ಕೈ ಅದ್ದಿ ನಿಂತರು. ನಾನು ಮೊದಲ ಸೀಸೆಯ ಮುದ್ರೆ ಒಡೆದೆ. ಅವರಿಗೆ ತೋರಿಸಿದೆ. ತಲೆಯಾಡಿಸಿದರು. ಹನಿ ಬಿಡಲು ತೊಡಗಿದೆ.

ಮೊದಲು ಎಲ್ಲವೂ ಎಂದಿನಂತೆಯೇ ಇತ್ತು. ಅವಳು ಮುಖ ಅತ್ತಿತ್ತ ಹೊರಳಿಸಿದಳು, ಅವ್ವಾ ಎಂದಳು, ಮಾತು ತೊದಲಿತು. ಆಮೇಲೆ ನನ್ನ ಗಂಟಲಿನಲ್ಲಿ ಮೆಣಸಿನ ಘಾಟು ಹಿಡಿದಂತಾಯಿತು. ಕಣ್ಣಲ್ಲಿ ನೀರು ಬಂತು. ಸಾಂಬ್ರಾಣಿ ಹೊಗೆಯೆಂದುಕೊಂಡೆ. ಸೂಲಗಿತ್ತಿ ಕೆಮ್ಮಿದಳು, ಡಾಕ್ಟರು ಕೆಮ್ಮಿದರು, ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೇಜಿನ ಮೇಲೆ ಮಲಗಿದ್ದವಳು ಕೆಮ್ಮಲು ಶುರುಮಾಡಿದವಳು ನಿಲ್ಲಿಸಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಉಸಿರು ಎಳೆದುಕೊಳ್ಳುವ ಸದ್ದು ನಿಂತೇ ಹೋಯಿತು.

"ತೆಗೀರಿ! ಮುಸುಕು ತೆಗೀರಿ!"

ಗದ್ದ ಎತ್ತಿದೆ. ಇಕ್ಕಳದಲ್ಲಿ ನಾಲಗೆ ಎಳೆದು ಹಿಡಿದೆ. ಡಾಕ್ಟರು ಪಕ್ಕೆಲುಬನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ. ಉಸಿರು ಬಂತು. ನನ್ನ ಬೆರಳುಗಳು ಆ ನಾಡಿಯನ್ನು ಹುಡುಕಿದ್ದು ನನಗೆ ಈಗಲೂ ಕೆಲವು ಸಲ ಕೈಯಲ್ಲೇ ನೆನಪಾಗುತ್ತದೆ.

"ಬಿಸಿಲಲ್ಲಿ ಕೆಟ್ಟಿದೆ. ಇನ್ನೊಂದು ತೆಗೀರಿ" ಎಂದರು ಡಾಕ್ಟರು.

ಇನ್ನೊಂದನ್ನು ತೆಗೆದೆ. ಕೊಂಚ ತಡೆದು ಮತ್ತೆ ಹನಿ ಬಿಟ್ಟೆ. ಈ ಸಲ ಘಾಟು ಇನ್ನೂ ಬೇಗ ಬಂತು. ಸೂಲಗಿತ್ತಿ ಗೋಡೆ ಹಿಡಿದು ವಾಂತಿ ಮಾಡಿದಳು. ಹೆಂಗಸಿನ ಉಸಿರು ಮತ್ತೆ ಕಟ್ಟಿತು, ತುಟಿ ಕಪ್ಪಾಗುವ ಮೊದಲೇ ನಾನೇ ಮುಸುಕು ಎತ್ತಿದೆ. ಡಾಕ್ಟರು ಕ್ಲೋರೋಫಾರಂ ಇಲ್ಲದೆಯೇ ಕೈ ಹಾಕಿ ನೋಡಿದರು. ಗರ್ಭಚೀಲ ಮಗುವನ್ನು ಕಲ್ಲಿನಂತೆ ಅವುಚಿಕೊಂಡಿತ್ತು. ಬಲ ಹಾಕಿದರೆ ಹರಿಯುತ್ತದೆ. ಕೈ ಹಿಂದಕ್ಕೆ ತೆಗೆದರು. ಬಾಗಿಲು ತೆಗೆದು ಹೊರಗೆ ಹೋಗಿ ಜಗಲಿಯ ಕಂಬ ಹಿಡಿದು ಕೆಮ್ಮಿದರು. ನಾನೂ ಸೀಸೆಯನ್ನು ಕೈಯಲ್ಲಿಟ್ಟುಕೊಂಡೇ ಹೊರಗೆ ಬಂದೆ.

ಜಗಲಿಯ ತುಂಬ ದೋಣಿಗೆ ಕಾದಿದ್ದ ಜನ. ತುಂತುರಿಗೆ ನೆಂದು ಬಂದು ಕೂತಿದ್ದರು, ಹೆಚ್ಚಿನವರು ಹೆಂಗಸರು. ಎಲ್ಲರೂ ನಮ್ಮ ಮುಖ ನೋಡಿದರು. ಅಣ್ಣ ಎದ್ದು ನಿಂತ.

"ನಂಜನಗೂಡಿನ ಆಸ್ಪತ್ರೆಯಿಂದ ಬೇರೆ ಔಷಧಿ ತರಿಸಬೇಕು" ಎಂದರು ಡಾಕ್ಟರು.

"ಈಗ್ಲೇ ಓಯ್ತೀನಿ. ಯಾರದಾದ್ರೂ ಕುದ್ರೆ ಕೇಳ್ತೀನಿ."

"ಹೋಗಿ ಬರೋದು ಸಂಜೆಯಾಗುತ್ತೆ. ಅಷ್ಟು ಹೊತ್ತು ಅವಳು ತಡೆಯಲ್ಲ." ಡಾಕ್ಟರು ಇದನ್ನು ಅವನಿಗೆ ಹೇಳಲಿಲ್ಲ, ನೆಲಕ್ಕೆ ಹೇಳಿದರು. ನಂತರ ಕೈ ಚಾಚಿ ನನ್ನಿಂದ ಸೀಸೆ ತೆಗೆದುಕೊಂಡು ಬಿರಡೆ ತೆಗೆದು ಮೂಸಿದರು. ಮತ್ತೊಮ್ಮೆ ಮೂಸಿದರು. ಹುಬ್ಬು ಗಂಟಿಕ್ಕಿತು.

"ನನ್ನ ಮೂಗು ಸುಟ್ಟುಹೋಗಿದೆ. ನಿಮ್ಮದೂ ಹಾಗೇ ಇರುತ್ತೆ." ಅಣ್ಣನ ಕಡೆ ತಿರುಗಿದರು. "ಏನಯ್ಯ, ನೀನು ಒಳಗೆ ಬಂದಿಲ್ಲ. ಇದನ್ನ ಮೂಸಿ ಹೇಳು. ಹೇಗಿದೆ?"

ಅವನು ಹೆದರುತ್ತ ಮೂಗು ಹತ್ತಿರ ತಂದ. "ಚೆಂದಾಗದೆ ಬುದ್ದಿ. ಸೀ ಸೀ. ಕಳ್ತ ಅಣ್ಣಿನಂಗೆ."

"ಘಾಟು? ಕೆಮ್ಮು ಬರುತ್ತಾ?"

"ಇಲ್ಲ ಬುದ್ದಿ. ಇನ್ನೊಂದ್ಕಿತ ಮೂಸ್ಲಾ?"

"ಬೇಡ, ಬಿದ್ದುಹೋಗ್ತೀಯ."

ಡಾಕ್ಟರು ಒಂದು ಶುದ್ಧವಾದ ಕಾಗದದ ಮೇಲೆ ಕೆಲವು ಹನಿ ಹಾಕಿ ಆರಲು ಬಿಟ್ಟರು. ಕೆಟ್ಟ ಕ್ಲೋರೋಫಾರಂ ಆರಿದ ಮೇಲೂ ಕಾಗದದಲ್ಲಿ ಕಟುವಾಸನೆ ಉಳಿಯುತ್ತದೆ. ಏನೂ ಉಳಿಯಲಿಲ್ಲ. ಮೂತ್ರ ಪರೀಕ್ಷೆಗೆ ಇಟ್ಟಿದ್ದ ನೀಲಿ ಲಿಟ್ಮಸ್ ಕಾಗದ ತರಲು ಹೇಳಿದರು. ಒದ್ದೆ ಮಾಡಿ ಸೀಸೆಯ ಬಾಯಿಗೆ ಹಿಡಿದರು. ನೀಲಿಯಾಗಿಯೇ ಇತ್ತು. ಆಮ್ಲ ಇದ್ದಿದ್ದರೆ ಕೆಂಪಾಗಬೇಕಿತ್ತು. ಮೊದಲ ಸೀಸೆಯನ್ನೂ ತರಿಸಿ ನೋಡಿದರು. ಅದೂ ಹಾಗೇ.

"ಔಷಧಿ ಕೆಟ್ಟಿಲ್ಲ" ಎಂದರು ಮೆಲ್ಲಗೆ.

ಮತ್ತೊಂದು ಒದ್ದೆ ಕಾಗದ ಹಿಡಿದು ಒಳಗೆ ಹೋದರು. ನಾನು ಹಿಂದೆ ಹೋದೆ. ಮೇಜಿನ ತಲೆಯ ಕಡೆ ಹಿಡಿದಾಗ ಅದರ ಅಂಚು ನಿಧಾನವಾಗಿ ಮಾಸಿತು. ಮೇಜಿನ ಕಾಲ ಕಡೆಗೆ ಬಂದು, ಬಗ್ಗಿ, ಅಗ್ಗಿಷ್ಟಿಕೆಯ ಮೇಲೆ ಹಿಡಿದರು. ನಾವಿಬ್ಬರೂ ನೋಡುತ್ತಿದ್ದಂತೆ ಕಾಗದ ಪೂರ್ತಿ ಕೆಂಪಾಯಿತು.

ಡಾಕ್ಟರು ಕೆಂಡವನ್ನು ನೋಡಿದರು. ಕ್ಲೋರೋಫಾರಂ ಆವಿ ಗಾಳಿಗಿಂತ ಭಾರ. ಮುಸುಕಿನಿಂದ ಇಳಿದು ನೆಲದ ಕಡೆ ಹರಿಯುತ್ತದೆ. ಕೆಂಡಕ್ಕೆ ತಗುಲಿದರೆ ಬೇರೆಯೇ ವಸ್ತುವಾಗುತ್ತದೆ. ಶ್ವಾಸಕೋಶವನ್ನು ಸುಡುವ ವಸ್ತು. ದೀಪ ಉರಿಯುವ ಕೋಣೆಗಳಲ್ಲಿ ಹೀಗಾದದ್ದನ್ನು ತಾವು ಎಲ್ಲೋ ಓದಿದ್ದಾಗಿ ಅವರು ಆಮೇಲೆ ನನಗೆ ಹೇಳಿದರು. ಆಗ ಹೇಳಿದ್ದು ಒಂದೇ ಮಾತು.

"ಈ ಕೋಣೇಲಿ ಇನ್ನು ಒಂದು ಹನಿಯೂ ಬೇಡ."

ಅಗ್ಗಿಷ್ಟಿಕೆ ಹೊರಗಿಟ್ಟು ಬಾಗಿಲು ತೆರೆದರೆ ಸಾಲದೇ ಎಂದು ನಾನು ಕೇಳಿದೆ. ಈ ಕೋಣೆಯ ಗಾಳಿ ಬದಲಾಗುವುದಕ್ಕೆ ಅರ್ಧ ದಿನ ಬೇಕು ಎಂದರು. ಔಷಧಿ ಕೊಡುವ ಕೋಣೆಯಲ್ಲಿ ಮೇಜು ಇಟ್ಟರೆ ಸುತ್ತ ನಿಲ್ಲಲು ಜಾಗವಿಲ್ಲ. ಉಳಿದದ್ದು ಜಗಲಿ.

ತಾಯಿ ಇದನ್ನು ಕೇಳಿ ಮಗಳ ಮೇಲೆ ಅಡ್ಡ ಬಿದ್ದಳು. "ಬ್ಯಾಡಿ ಬುದ್ದೀ! ಆಸಾಡದ ಗಾಳಿ ಕನಿ. ಇಂಥಾ ಮೈಗೆ ಗಾಳಿ ತಾಕುದ್ರೆ ಸನ್ನಿ ಇಡಿತದೆ. ಅದೂ ಅಷ್ಟ್ ಗಂಡುಸ್ರ ಮುಂದೆ, ಕಾಲ್ ಅಗಲ್ಸಿ... ನಾಳೆ ನನ್ನ ಮಗ್ಳು ಯಾವ್ ಮಕ ಒತ್ಕೊಂಡು ಗಂಡನ ಮನೆಗೋದಾಳು?"

ಡಾಕ್ಟರು ಸಿಟ್ಟಾಗಲಿಲ್ಲ. "ನಿಮ್ಮ ಮಾತು ನನಗೆ ತಿಳಿಯುತ್ತಮ್ಮ. ಆದರೆ ಎರಡು ಸಲ ಅವಳ ಉಸಿರು ಕಟ್ಟಿದ್ದನ್ನ ನೀವೇ ನೋಡಿದ್ರಿ."

"ಅದು ನಿಮ್ ಔಸ್ತಿ ಮಾಡಿದ್ದು."

"ಹೌದು. ಔಷಧಿ ಮತ್ತು ಈ ಬೆಂಕಿ, ಎರಡೂ ಸೇರಿ ಮಾಡಿದ್ದು. ಬೆಂಕಿ ಬಿಟ್ಟು ಹೋಗ್ತೀನಿ. ಔಷಧಿ ಬಿಟ್ಟು ಮಾಡೋಕೆ ನನ್ನ ಕೈಲಿ ಆಗಲ್ಲ."

ತಾಯಿ ಅಲುಗಲಿಲ್ಲ. ಆಗ ಮೇಜಿನ ಮೇಲಿದ್ದವಳು ಮಾತಾಡಿದಳು. ಅವಳಿಗೆ ಅರಿವಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ದನಿ ಗೊಗ್ಗರಾಗಿತ್ತು.

"ಅವ್ವಾ, ಬೀದೀಗಾದ್ರೂ ಸೈ. ಎತ್ಕೊಂಡೋಗ್ಲಿ, ಬುಡು."

ತಾಯಿ ಮಗಳ ಮುಖ ನೋಡಿದಳು. ಎದ್ದಳು. ಜಗಲಿಗೆ ಹೋಗಿ, ಅಲ್ಲಿ ಕೂತಿದ್ದ ಹೆಂಗಸರ ಮುಂದೆ ನಿಂತು ಸೆರಗೊಡ್ಡಿದಳು. "ತಾಯ್ಗಳಿರಾ, ನನ್ ಮಗಳಿಗೆ ಮರೆ ಮಾಡ್ಕೊಡಿ."

ಆಮೇಲಿನದು ಬಹಳ ಬೇಗ ಆಯಿತು. ಅವರು ತಮ್ಮ ಬಟ್ಟೆಯ ಗಂಟು ಬಿಚ್ಚಿದರು. ಬೇರೆ ಬೇರೆ ಊರಿನ, ಒಬ್ಬರಿಗೊಬ್ಬರು ಗುರುತಿಲ್ಲದ ಹೆಂಗಸರು. ಯಾರೂ ಯಾವ ಜಾತಿಯೆಂದು ಕೇಳಲಿಲ್ಲ. ಸೀರೆಗಳನ್ನು ಬಿಡಿಸಿ ಸುತ್ತ ನಿಂತರು, ಬೆನ್ನು ಒಳಗೆ, ಮುಖ ಹೊರಗೆ. ಗಾಳಿಗೆ ಸೀರೆ ಏಳದಂತೆ ಕೆಳಗಿನ ಅಂಚನ್ನು ಕಾಲಿನ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರು. ಜಗಲಿಯ ತುದಿಯಲ್ಲಿ ಒಬ್ಬ ಕತ್ತು ಉದ್ದ ಮಾಡಿದ್ದನ್ನು ಕಂಡು ಒಬ್ಬ ಮುದುಕಿ ಗದರಿದಳು: "ಏನ್ಲಾ ನೋಡೀಯೆ? ನಿನ್ನೇನು ಮರದಿಂದ ಉದುರ್ಸಿದ್ರಾ? ತಿರುಕ್ಕೊ ಆ ಕಡೀಕೆ!" ಗಂಡಸರೆಲ್ಲ ಇಳಿದು ತುಂತುರಲ್ಲೇ ಆಚೆ ನಿಂತರು.

ಅಣ್ಣ ಮತ್ತು ನಾನು ಮೇಜನ್ನು ಅವಳ ಸಮೇತ ಎತ್ತಿ ತಂದೆವು. ಡಾಕ್ಟರು ಮತ್ತೆ ಮೊದಲಿನಿಂದ ಕೈ ತೊಳೆದರು. ಸೂಲಗಿತ್ತಿ ಇನ್ನೂ ತೂರಾಡುತ್ತಿದ್ದಳು. ಆದರೂ ಬಂದು ತನ್ನ ಜಾಗದಲ್ಲಿ ನಿಂತಳು. ನಾನು ಹನಿ ಬಿಡಲು ಶುರುಮಾಡಿದೆ.

ಒಳಗೆ ಗಾಳಿ ಇಲ್ಲದೆ ಸಾಯುತ್ತಿದ್ದೆವು, ಹೊರಗೆ ಗಾಳಿಯೇ ನಮಗೆ ಎದುರಾಯಿತು. ಮುಸುಕಿನ ಮೇಲೆ ಬಿದ್ದ ಹನಿ ಅವಳ ಮೂಗು ಮುಟ್ಟುವ ಮೊದಲೇ ಹಾರಿಹೋಗುತ್ತಿತ್ತು. ಎಷ್ಟು ಒಳಗೆ ಹೋಗುತ್ತಿದೆ ಎಂಬ ಲೆಕ್ಕ ತಪ್ಪಿತು. ಒಳಗೆ ಅಷ್ಟಿಷ್ಟು ಖರ್ಚಾಗಿದ್ದ ಮೊದಲ ಸೀಸೆ ಇಲ್ಲಿ ಬೇಗ ತಳ ಕಂಡಿತು. ಎರಡನೆಯದು ಇಳಿಯುತ್ತಿತ್ತು. ಅವಳು ಇನ್ನೂ ನರಳುತ್ತಿದ್ದಳು.

"ಎಷ್ಟಿದೆ?" ಡಾಕ್ಟರು ತಲೆ ಎತ್ತದೆ ಕೇಳಿದರು.

"ಅರ್ಧಕ್ಕಿಂತ ಕಡಿಮೆ. ಗಾಳಿ ತಿಂತಾ ಇದೆ ಸಾರ್."

"ಅವಸರ ಮಾಡಿ ಸುರೀಬೇಡಿ. ಸುರಿದ್ರೆ ಹೃದಯ ನಿಲ್ಲುತ್ತೆ. ಗಾಳೀನ ತಡೀರಿ."

ಮೇಜನ್ನು ತಿರುಗಿಸಲು ಹೇಳಿದೆ. ಗಾಳಿ ನನ್ನ ಬೆನ್ನಿಗೆ ಬರುವಂತೆ ತಿರುಗಿಸಿದೆವು. ಒಂದು ಟವೆಲನ್ನು ಗೊಟ್ಟದಂತೆ ಸುತ್ತಿ ಮುಸುಕಿನ ಸುತ್ತ ಗೋಡೆ ಮಾಡಿದೆ, ಮೇಲುಗಡೆ ಉಸಿರಾಟಕ್ಕೆ ತೆರಪು ಬಿಟ್ಟೆ. ಆದರೂ ಬಲಗಡೆಯಿಂದ ಸುಳಿ ಬರುತ್ತಿತ್ತು. ಮುದುಕಿ ತನ್ನ ಕೈಯಲ್ಲಿದ್ದ ಸೀರೆಯ ತುದಿಯನ್ನು ಪಕ್ಕದವಳಿಗೆ ಕೊಟ್ಟು, ನನ್ನ ಬಲಗೈಯ ಹತ್ತಿರ ಬಂದು, ಮೇಜಿಗೆ ಆತು ನಿಂತುಬಿಟ್ಟಳು. ಅವಳ ಅಗಲವಾದ ಬೆನ್ನು ಆ ಕಡೆಯ ಗಾಳಿಯನ್ನು ಪೂರ್ತಿ ತಡೆಯಿತು.

ಮೇಜಿನ ಮೇಲಿದ್ದವಳ ನರಳಿಕೆ ನಿಂತಿತು. ಉಸಿರು ಉದ್ದವಾಯಿತು, ಸಮವಾಯಿತು. ಕಣ್ಣಿನ ರೆಪ್ಪೆ ಮುಟ್ಟಿದೆ, ಅದುರಲಿಲ್ಲ. ತುಟಿ ಕೆಂಪಗೇ ಇತ್ತು. ಯಾರೂ ಕೆಮ್ಮಲಿಲ್ಲ.

"ಈಗ" ಎಂದೆ.

ಡಾಕ್ಟರು ಹೊರಗಿದ್ದ ಪುಟ್ಟ ಕೈಗೆ ಪಟ್ಟಿ ಕಟ್ಟಿ ಅದರ ತುದಿಯನ್ನು ಸೂಲಗಿತ್ತಿಯ ಕೈಗೆ ಕೊಟ್ಟರು. ತಮ್ಮ ಎಡಗೈಯನ್ನು ಹೊಟ್ಟೆಯ ಮೇಲಿಟ್ಟು, ಬಲಗೈಯನ್ನು ನಿಧಾನವಾಗಿ ಒಳಗೆ ಬಿಟ್ಟರು. ಅವರ ಮುಖ ನನಗೆ ಎದುರಿಗಿತ್ತು. ಕಣ್ಣು ಮುಚ್ಚಿದ್ದರು. ನೋವು ಬಂದಾಗ ಕೈ ಅಲುಗಿಸದೆ ನಿಂತು, ಸಡಿಲವಾದಾಗ ಮುಂದೆ ಹೋಗುತ್ತಿದ್ದರು. ಒಂದು ಸಲ "ಮೊಣಕಾಲು" ಎಂದರು. ಮತ್ತೆ, "ಅಲ್ಲ, ಮೊಣಕೈ." ಮತ್ತೆ ಹುಡುಕಿದರು. ಸೀಸೆಯಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. ನಾನು ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ಅವರು ಅವಸರಪಡುತ್ತಾರೆ. ಹನಿಗಳ ನಡುವಿನ ಹೊತ್ತನ್ನು ಉದ್ದ ಮಾಡಿದೆ, ಅವಳ ರೆಪ್ಪೆಯನ್ನು ನೋಡುತ್ತ.

"ಹಿಮ್ಮಡಿ" ಎಂದರು ಕೊನೆಗೆ.

ಮಗು ತಿರುಗಿದ್ದು ಹೊಟ್ಟೆಯ ಮೇಲೆ ನನಗೇ ಕಂಡಿತು. ಚರ್ಮದ ಕೆಳಗೆ ಒಂದು ಗುಡ್ಡ ಪಕ್ಕದಿಂದ ಮೇಲಕ್ಕೆ ಸರಿಯಿತು. ಕಾಲು ಹೊರಬಂತು, ಆಮೇಲೆ ಸೊಂಟ, ಭುಜ, ತಲೆ. ಗಂಡು ಮಗು. ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ತಾಯಿಯ ತಾಯಿಗೆ ಕೊಟ್ಟಳು. ಅವಳು ಅಳಲಿಲ್ಲ. "ಇವಳು?" ಎಂದಳಷ್ಟೆ.

ಡಾಕ್ಟರು ಗರ್ಭಚೀಲದ ಒಳಗೋಡೆಯನ್ನು ಬೆರಳಿನಿಂದ ತಡವಿ ನೋಡಿ, ಎಲ್ಲೂ ಹರಿದಿಲ್ಲವೆಂದು ಖಚಿತ ಮಾಡಿಕೊಂಡರು. "ಇವಳು ಇದ್ದಾಳೆ" ಎಂದರು. ಹೊರಗೆ ಮುಖ ಮಾಡಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ತಿರುಗದೆಯೇ ಗಟ್ಟಿಯಾಗಿ ಅಳತೊಡಗಿದಳು. ಸೀರೆ ಮಾತ್ರ ಬಿಡಲಿಲ್ಲ.

ಬಾಣಂತಿಗೆ ಕೆಲವು ದಿನ ಜ್ವರ ಬಂತು, ಕೆಮ್ಮು ಇತ್ತು. ಸನ್ನಿ ಬರಲಿಲ್ಲ. ಹೊಳೆ ಇಳಿದ ಮೇಲೆ ದೋಣಿಯಲ್ಲಿ ದಾಟಿಸಿ ಅದೇ ಗಾಡಿಯಲ್ಲಿ ಮುಡುಕುತೊರೆಗೆ ಕರೆದುಕೊಂಡು ಹೋದರು. ಡಾಕ್ಟರ ಕೆಮ್ಮು ದೀಪಾವಳಿಯವರೆಗೆ ನಿಲ್ಲಲಿಲ್ಲ. ಸಾಹುಕಾರರಿಗೆ ಹೇಳಿ ಉಗ್ರಾಣದ ಗೋಡೆ ಒಡೆಸಿ ಎದುರುಬದುರು ಎರಡು ದೊಡ್ಡ ಕಿಟಕಿ ಇಡಿಸಿದರು. ಕ್ಲೋರೋಫಾರಂ ಕೊಡುವ ಕೋಣೆಯಲ್ಲಿ ಕೆಂಡವಾಗಲಿ, ಸಾಮಾನು ಕುದಿಸುವ ಸ್ಪಿರಿಟ್ ಒಲೆಯಾಗಲಿ ಕೂಡದೆಂದು ಕಟ್ಟುಮಾಡಿದರು. ಅದುವರೆಗೆ ಆ ಒಲೆಯನ್ನೂ ನಾನು ಮೇಜಿನ ಪಕ್ಕದಲ್ಲೇ ಉರಿಸುತ್ತಿದ್ದೆ. ಹೆರಿಗೆಗೆ ಬಂದವರು ಅಗ್ಗಿಷ್ಟಿಕೆಗಾಗಿ ಜಗಳವಾಡಿದರು. ಕೆಲವರು ಗಾಡಿ ತಿರುಗಿಸಿಕೊಂಡು ಹೊರಟೂ ಹೋದರು. ಅಂಥವರ ಹಿಂದೆ ಸೂಲಗಿತ್ತಿ ಬೀದಿಯ ಕೊನೆಯವರೆಗೆ ನಡೆದುಹೋಗಿ ಆ ದಿನದ ಕಥೆ ಹೇಳುತ್ತಿದ್ದಳು. ಎಲ್ಲರೂ ವಾಪಸು ಬರಲಿಲ್ಲ.

ಡಾಕ್ಟರು ತೀರಿಕೊಂಡರು. ಆ ಹೆಂಗಸಿನ ತಾಯಿಯೂ ಈಗಿಲ್ಲ. ಗಾಳಿಗೆ ಬೆನ್ನು ಕೊಟ್ಟ ಮುದುಕಿ ಯಾವ ಊರಿನವಳೆಂದು ನಾನು ಕೇಳಿಕೊಳ್ಳಲಿಲ್ಲ. ಆಗಲೇ ಅವಳಿಗೆ ವಯಸ್ಸಾಗಿತ್ತು. ಸೂಲಗಿತ್ತಿ ನಂಜನಗೂಡಿನಲ್ಲಿ ಮಗನ ಮನೆಯಲ್ಲಿದ್ದಾಳೆ, ಕಿವಿ ಕೇಳಿಸದು, ಆದರೆ ನೆನಪು ಚೆನ್ನಾಗಿದೆ. ಅಣ್ಣ ಮುಡುಕುತೊರೆಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಸೀರೆ ಹಿಡಿದಿದ್ದವರಲ್ಲಿ ಕವಲಂದೆಯ ಒಬ್ಬಳು ಈಚೆಗೆ ಸಿಕ್ಕಿ ನನ್ನನ್ನು ಗುರುತು ಹಿಡಿದಳು. ಅವಳು ಅಂದು ಹೊರಗೆ ಮುಖ ಮಾಡಿದ್ದರಿಂದ ಕಂಡದ್ದು ಮಳೆಯನ್ನು ಮಾತ್ರ, ಕೇಳಿದ್ದು ಎಲ್ಲವನ್ನೂ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಈ ಮೂವರು ತಿದ್ದಬಹುದು.

ಅವಳೂ ಇದ್ದಾಳೆ, ಬಿಳಿಗೆರೆ ಕಡೆ, ಗಂಡನ ಮನೆಯಲ್ಲಿ. ಆದರೆ ಅವಳನ್ನು ಕೇಳಿ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ಅವಳು ನಿದ್ರೆಯಲ್ಲಿದ್ದಳು.